ಕ್ರೋನೋಗ್ರಾಫ್ ಅಳೆಯುವುದು ಸಮಯವನ್ನು, ದೂರ ನಮ್ಮ ಜವಾಬ್ದಾರಿ

ಗುಂಡಿನ ವೇಗ ತೋರಿಸುವ ಯಂತ್ರವಾದ ಕ್ರೋನೋಗ್ರಾಫ್‌ನ ಪರದೆ ಮೇಲೆ ಸೆಕೆಂಡಿಗೆ 792.4 ಮೀಟರ್ ಅಂತ ಬಂದರೆ ನಾವು ಅದನ್ನು ಹಾಗೇ ನಂಬಿಬಿಡುತ್ತೇವೆ. ಬಿಂದುವಿನ ಆಚೆಗೂ ಒಂದು ಅಂಕಿ ಇದೆ, ಇಷ್ಟು ಬಿಡಿಸಿ ಹೇಳುವ ಯಂತ್ರ ತಪ್ಪು ಹೇಳುತ್ತದೆಯೇ ಅನ್ನಿಸುತ್ತದೆ. ಆದರೆ ಎರಡು ಸೆನ್ಸರ್‌ಗಳ ಮಾಮೂಲಿ ಕ್ರೋನೋಗ್ರಾಫ್‌ಗೆ ವೇಗ ಏನು ಅಂತಲೇ ಗೊತ್ತಿಲ್ಲ. ಅದು ಅಳೆಯುವುದು ಸಮಯವನ್ನು ಮಾತ್ರ. ಗುಂಡು ಮೊದಲ ಸೆನ್ಸರ್ ದಾಟಿತು, ಗಡಿಯಾರ ಶುರುವಾಯಿತು. ಎರಡನೆಯದನ್ನು ದಾಟಿತು, ಗಡಿಯಾರ ನಿಂತಿತು. ನಡುವಿನ ದೂರ ಇಷ್ಟು ಅಂತ ಕಾರ್ಖಾನೆಯಲ್ಲೇ ಬರೆದಿಟ್ಟಿರುತ್ತಾರೆ, ಅದನ್ನು ಆ ಸಮಯದಿಂದ ಭಾಗಿಸಿ ತೋರಿಸುತ್ತದೆ, ಅಷ್ಟೇ.

ಸಮಯ ಅಳೆಯುವ ಕೆಲಸದಲ್ಲಿ ಯಂತ್ರ ಗಟ್ಟಿ. ಎಡವಟ್ಟಾಗುವುದು ಹೆಚ್ಚಾಗಿ ದೂರದಲ್ಲಿ. ಆ ದೂರ ನಿಜಕ್ಕೂ ಅಷ್ಟೇ ಇರುವ ಹಾಗೆ ನೋಡಿಕೊಳ್ಳುವುದು ಕ್ರೋನೋಗ್ರಾಫ್ ನಿಲ್ಲಿಸುವವರ ಕೆಲಸ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಶೂಟಿಂಗ್ ರೇಂಜಿನಲ್ಲಿ ಜನ ತೋಟಾ ಆರಿಸುವುದಕ್ಕೆ ಕೊಡುವ ಗಮನದ ಕಾಲುಭಾಗವನ್ನೂ ಕ್ರೋನೋಗ್ರಾಫ್ ಕೂರಿಸುವ ಟ್ರೈಪಾಡ್‌ಗೆ ಕೊಡುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಸೆನ್ಸರ್‌ಗಳ ನಡುವೆ 60 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೋದರೆ ಆ ದೂರ ದಾಟಲು 750 ಮೈಕ್ರೋಸೆಕೆಂಡ್ ಬೇಕು. ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಇಲ್ಲ. ಗಡಿಯಾರ 1 ಮೈಕ್ರೋಸೆಕೆಂಡ್ ಹೆಚ್ಚುಕಮ್ಮಿ ಆದರೆ ಉತ್ತರ ಸೆಕೆಂಡಿಗೆ ಸುಮಾರು 1 ಮೀಟರ್‌ನಷ್ಟು ಅತ್ತಿತ್ತ ಆಗುತ್ತದೆ (ಮುಂದೆಯೂ ವೇಗದ ಮಾತಿನಲ್ಲಿ ಮೀಟರ್ ಅಂದರೆ ಸೆಕೆಂಡಿಗೆ ಅಷ್ಟು ಮೀಟರ್). ಸೆನ್ಸರ್ ನಡುವಿನ ದೂರ 1 ಮಿಲಿಮೀಟರ್ ತಪ್ಪಾದರೆ 1.3 ಮೀಟರ್. ಅದೇ ಸೆನ್ಸರ್‌ಗಳನ್ನು 30 ಸೆಂಟಿಮೀಟರ್‌ಗೆ ತಂದರೆ ಈ ತಪ್ಪುಗಳು ಎರಡರಷ್ಟಾಗುತ್ತವೆ, 120ಕ್ಕೆ ಒಯ್ದರೆ ಅರ್ಧವಾಗುತ್ತವೆ. ಆದ್ದರಿಂದ ಸೆನ್ಸರ್‌ಗಳನ್ನು ಬೇಕಾದಷ್ಟು ದೂರಕ್ಕೆ ಇಟ್ಟುಕೊಳ್ಳಬಹುದಾದ ಉದ್ದನೆಯ ಕಂಬಿಯ ಮಾದರಿ ಸಿಕ್ಕರೆ ಅದೇ ಒಳ್ಳೆಯದು. ಹೊತ್ತು ತಿರುಗಲು ಕಷ್ಟ, ಹೌದು. ಆದರೂ ಅದೇ ಒಳ್ಳೆಯದು.

ಮಡಚುವ ಮಾದರಿಯವರು ಇಲ್ಲಿ ಸ್ವಲ್ಪ ನಿಲ್ಲಿ. ನಡುವೆ ಕೀಲು ಇರುವ ಪೆಟ್ಟಿಗೆಯನ್ನು ಪೂರ್ತಿ ಚಪ್ಪಟೆಯಾಗಿ ಬಿಚ್ಚದೆ, ಎರಡು ತುದಿಗಳೂ ಚೂರು ಮೇಲೆದ್ದ ಹಾಗೆ ಬಿಟ್ಟರೆ ಏನಾಗುತ್ತದೆ? ಪ್ರತಿ ಸೆನ್ಸರ್ ಮೇಲಕ್ಕೆ ಒಂದು ತೆಳು ಹಾಳೆಯ ಹಾಗೆ ನೋಡುತ್ತಿರುತ್ತದೆ. ಪೆಟ್ಟಿಗೆ ಬಾಗಿದ್ದರೆ ಆ ಎರಡು ಹಾಳೆಗಳು ಮೇಲೆ ಹೋದಂತೆ ಒಂದರ ಕಡೆಗೊಂದು ವಾಲುತ್ತವೆ. ಎರಡರ ನಡುವೆ ಒಟ್ಟು 1 ಡಿಗ್ರಿ ವಾಲಿದ್ದರೂ ಸಾಕು, 15 ಸೆಂಟಿಮೀಟರ್ ಎತ್ತರದಲ್ಲಿ ದೂರ 2.6 ಮಿಲಿಮೀಟರ್ ಕಮ್ಮಿಯಾಗಿರುತ್ತದೆ. ಗುಂಡಿಗೆ ದಾಟಲು ಕಮ್ಮಿ ಹಾದಿ, ಕಮ್ಮಿ ಸಮಯ, ಆದ್ದರಿಂದ ಪರದೆ ಮೇಲೆ ಸುಮಾರು 3.5 ಮೀಟರ್ ಜಾಸ್ತಿ ವೇಗ. ಇನ್ನೂ ಕೆಟ್ಟದ್ದು ಏನೆಂದರೆ ಈ ತಪ್ಪು ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದು ಗುಂಡು 10 ಸೆಂಟಿಮೀಟರ್ ಎತ್ತರದಲ್ಲಿ ಹೋಗಿ ಇನ್ನೊಂದು 15ರಲ್ಲಿ ಹೋದರೆ, ಎರಡರ ವೇಗ ಒಂದೇ ಇದ್ದರೂ 1 ಮೀಟರಿಗೂ ಮೀರಿದ ವ್ಯತ್ಯಾಸ ಕಾಣುತ್ತದೆ. ನಾವು ತೋಟಾದ ಮೇಲೆ ಅನುಮಾನ ಪಡುತ್ತಾ ಕೂರುತ್ತೇವೆ.

ಹಾಗಾಗಿ ಬಿಚ್ಚಿದ ಮೇಲೆ ಒಂದು ನೇರ ಪಟ್ಟಿ ಇಟ್ಟು ನೋಡಿ. ಉದ್ದನೆಯ ಅಲ್ಯೂಮಿನಿಯಂ ಸ್ಕೇಲ್ ಆದರೂ ಸರಿ. ಅಡಿಯಲ್ಲಿ ಬೆಳಕು ಕಂಡರೆ ಕೀಲು ಪೂರ್ತಿ ತೆರೆದಿಲ್ಲ ಅಂತ ಅರ್ಥ.

ಇಡೀ ಪೆಟ್ಟಿಗೆ ಓರೆಯಾಗಿರುವುದು ಬೇರೆ ವಿಷಯ, ಅದು ಇಷ್ಟು ಭಯಂಕರ ಅಲ್ಲ. ಗುಂಡಿನ ಹಾದಿಗೂ ಪೆಟ್ಟಿಗೆಗೂ 2 ಡಿಗ್ರಿ ವ್ಯತ್ಯಾಸ ಇದ್ದರೆ, ಅಂದರೆ ಒಂದು ತುದಿ ಇನ್ನೊಂದಕ್ಕಿಂತ 2 ಸೆಂಟಿಮೀಟರ್ ಎತ್ತರ ಇದ್ದರೆ, ಅರ್ಧ ಮೀಟರಿನಷ್ಟು ತಪ್ಪು. 5 ಡಿಗ್ರಿಗೆ ಹೋದರೆ 3 ಮೀಟರ್. ಓರೆಯಾದಾಗ ಗುಂಡಿನ ಹಾದಿ ಉದ್ದವಾಗುವುದರಿಂದ ವೇಗ ಯಾವಾಗಲೂ ನಿಜಕ್ಕಿಂತ ಕಮ್ಮಿಯೇ ಕಾಣುತ್ತದೆ. 5 ಡಿಗ್ರಿ ಓರೆ ಕಣ್ಣಿಗೇ ಕಾಣುತ್ತದೆ, ಆದ್ದರಿಂದ ಕಣ್ಣಳತೆ ಚೆನ್ನಾಗಿದ್ದರೆ ಸಾಕು. ಇಲ್ಲಿ ಒಂದು ಎಚ್ಚರಿಕೆ: ಪೆಟ್ಟಿಗೆ ನೆಲಕ್ಕೆ ಸಮನಾಗಿದೆಯೇ ಎಂಬುದು ಪ್ರಶ್ನೆಯಲ್ಲ, ಗುಂಡಿನ ಹಾದಿಗೆ ಸಮನಾಗಿದೆಯೇ ಎಂಬುದು ಪ್ರಶ್ನೆ. ಗುರಿ ದಿಬ್ಬದ ಮೇಲಿದ್ದರೆ ಪೆಟ್ಟಿಗೆಯೂ ಅಷ್ಟೇ ಮೇಲಕ್ಕೆ ನೋಡಬೇಕು.

ಈಗ ಎಲ್ಲಿ ನಿಲ್ಲಿಸುವುದು. ಸೆಂಟರ್‌ಫೈರ್ ರೈಫಲ್ (ತೋಟಾದ ಬುಡದ ನಡುವೆ ಹೊಡೆತ ಬೀಳುವ ಮಾದರಿ) ಆದರೆ ಬ್ಯಾರೆಲ್ ಬಾಯಿಂದ 3ರಿಂದ 5 ಮೀಟರ್ ಮುಂದೆ. ಏರ್ ರೈಫಲ್‌ಗೆ 1 ಮೀಟರ್ ಸಾಕು. ಇಷ್ಟು ದೂರ ಯಾಕೆಂದರೆ ಗುಂಡಿನ ಹಿಂದೆಯೇ ಬಿಸಿ ಅನಿಲ, ಪೂರ್ತಿ ಉರಿಯದ ಪುಡಿ, ಜೊತೆಗೆ ದೊಡ್ಡ ಒತ್ತಡದ ಅಲೆ ಎಲ್ಲ ಬರುತ್ತವೆ. ಹತ್ತಿರದಲ್ಲಿ ಇವು ಗುಂಡಿಗಿಂತ ಮೊದಲೇ ಸೆನ್ಸರ್ ಮುಂದೆ ಹಾದುಹೋಗಬಹುದು, ಇಲ್ಲವೇ ಪೆಟ್ಟಿಗೆಯನ್ನೇ ಅಲ್ಲಾಡಿಸಬಹುದು. ಬ್ಯಾರೆಲ್ ಬಾಯಲ್ಲಿ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ಮಝಲ್ ಬ್ರೇಕ್ ಇದ್ದರೆ ಇನ್ನೊಂದಿಷ್ಟು ದೂರ ಹೋಗಿ. ನಿಧಾನದ ಗುಂಡುಗಳಲ್ಲಿ ಒಂದು ಸುಳಿವು ನೆನಪಿಡಿ: ಯಾವ ತೋಟಾ ಹಾಕಿದರೂ 340 ಮೀಟರ್ ಆಸುಪಾಸಿನಲ್ಲೇ ಬರುತ್ತಿದ್ದರೆ, ಅಂದರೆ 1,115 ಅಡಿಯ ಹತ್ತಿರ, ಅದು ಬಹುಶಃ ಗುಂಡಿನ ವೇಗ ಅಲ್ಲ. ಅದು ಗಾಳಿಯಲ್ಲಿ ಶಬ್ದದ ವೇಗ. ಯಂತ್ರ ಗುಂಡನ್ನು ಬಿಟ್ಟು ಸದ್ದನ್ನು ಅಳೆಯುತ್ತಿದೆ.

ದೂರ ಹೋದಷ್ಟೂ ಗುಂಡು ವೇಗ ಕಳೆದುಕೊಳ್ಳುತ್ತದೆ ಎಂಬುದು ನಿಜ. 800 ಮೀಟರ್ ಹತ್ತಿರದ ವೇಗದ ರೈಫಲ್ ಗುಂಡು ಶುರುವಿನಲ್ಲಿ, ಸಾಗಿದ ಪ್ರತಿ ಮೀಟರಿಗೆ, ಸೆಕೆಂಡಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಕಳೆದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳಬಹುದು. ಪರದೆ ತೋರಿಸುವುದು ಎರಡು ಸೆನ್ಸರ್‌ಗಳ ನಡುಬಿಂದುವಿನ ವೇಗ. ಮೊದಲ ಸೆನ್ಸರ್ 4 ಮೀಟರ್‌ನಲ್ಲಿದ್ದರೆ ಅಳತೆ 4.3 ಮೀಟರಿನದು. ಬ್ಯಾರೆಲ್ ಬಾಯಿಯ ವೇಗ ಬೇಕಿದ್ದರೆ 2-3 ಮೀಟರ್ ಸೇರಿಸಬೇಕಾಗುತ್ತದೆ. ಈ ದೂರವನ್ನು ಟೇಪ್ ಹಿಡಿದು ಅಳೆದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಸಲವೂ ಅಲ್ಲೇ ನಿಲ್ಲಿಸಿ. ಇಲ್ಲದಿದ್ದರೆ ಎರಡು ದಿನದ ಅಂಕಿಗಳನ್ನು ಪಕ್ಕಪಕ್ಕ ಇಡುವುದಕ್ಕೇ ಅರ್ಥವಿಲ್ಲ.

ಇನ್ನು ಎತ್ತರದ ವಿಷಯ. ಜಾಸ್ತಿ ಜನ ಗುಂಡು ತಗಲಿಸಿ ಪೆಟ್ಟಿಗೆ ಒಡೆದುಕೊಳ್ಳುವುದು ಇಲ್ಲೇ. ಗುಂಡು ಸೆನ್ಸರ್ ಮೇಲೆ 10ರಿಂದ 15 ಸೆಂಟಿಮೀಟರ್ ಎತ್ತರದಲ್ಲಿ ಹೋಗಬೇಕು. ಸ್ಕೋಪ್‌ನಲ್ಲಿ, ಅಂದರೆ ಗುರಿ ನೋಡುವ ದುರ್ಬೀನಿನಲ್ಲಿ, ನೋಡಿದರೆ ದಾರಿ ಖಾಲಿ ಕಾಣುತ್ತದೆ, ಗುರಿ ಸ್ಪಷ್ಟವಾಗಿದೆ, ಗೆರೆ ಪೆಟ್ಟಿಗೆಗಿಂತ ಮೇಲಿದೆ. ಆದರೆ ಸ್ಕೋಪ್ ಕೂತಿರುವುದು ಬ್ಯಾರೆಲ್‌ಗಿಂತ 4-5 ಸೆಂಟಿಮೀಟರ್ ಮೇಲೆ! 100 ಮೀಟರ್‌ಗೆ ಹೊಂದಿಸಿದ ರೈಫಲ್‌ನಲ್ಲಿ ಗುಂಡು ನಿಧಾನವಾಗಿ ಮೇಲೆದ್ದು ದೃಷ್ಟಿರೇಖೆಯನ್ನು ಸೇರುತ್ತದೆ. 4 ಮೀಟರ್ ದೂರದಲ್ಲಿ ಅದು ಇನ್ನೂ ಹೆಚ್ಚುಕಮ್ಮಿ ಬ್ಯಾರೆಲ್ ಮಟ್ಟದಲ್ಲೇ, ಅಂದರೆ ನೀವು ನೋಡುತ್ತಿರುವ ಗೆರೆಗಿಂತ ಸುಮಾರು 4 ಸೆಂಟಿಮೀಟರ್ ಕೆಳಗೇ ಇರುತ್ತದೆ. ಸ್ಕೋಪ್ ದಾಟಿದ ಜಾಗವನ್ನು ಗುಂಡು ದಾಟುವುದಿಲ್ಲ.

ಇದಕ್ಕೆ ನಾನು ಮಾಡುವ ವಿಧಾನ ಹೀಗೆ. ರೈಫಲ್ ಖಾಲಿ ಮಾಡಿ, ಮರಳು ಚೀಲದ ಮೇಲೆ ಗುರಿಗೆ ಹಿಡಿದು ಕೂರಿಸುತ್ತೇನೆ. ಬ್ಯಾರೆಲ್‌ನ ಹಿಂಬದಿ ಮುಚ್ಚುವ ಬೋಲ್ಟ್ ಪೂರ್ತಿ ಹೊರಗೆ. ಹಿಂದಿನಿಂದ ಬ್ಯಾರೆಲ್ ಒಳಗಿನಿಂದಲೇ ನೋಡಿದರೆ ದೂರದಲ್ಲಿ ಗುರಿಹಾಳೆ ಒಂದು ದುಂಡು ಬೆಳಕಿನೊಳಗೆ ಕಾಣುತ್ತದೆ. ರೇಂಜ್ ನಿಲ್ಲಿಸಿರುವ ಹೊತ್ತಿನಲ್ಲಿ, ಎಲ್ಲರ ಬಂದೂಕೂ ಖಾಲಿಯಾಗಿ ಬೋಲ್ಟ್ ತೆರೆದಿರುವುದನ್ನು ಕಣ್ಣಾರೆ ನೋಡಿದ ಮೇಲೆ, ಮುಂದೆ ಹೋಗಿ ಕ್ರೋನೋಗ್ರಾಫ್‌ನ ಸೆನ್ಸರ್ ಪಕ್ಕ ಮೇಲಕ್ಕೆ ನಿಂತ ಕಡ್ಡಿಗಳಿಗೆ ಒಂದು ಬಿಳಿ ಹಾಳೆ ಅಂಟಿಸುತ್ತೇನೆ. ಹಾಳೆ ಮೇಲೆ ಸೆನ್ಸರ್‌ನಿಂದ 12 ಸೆಂಟಿಮೀಟರ್ ಎತ್ತರಕ್ಕೆ ದಪ್ಪ ಕಪ್ಪು ಚುಕ್ಕೆ. ಹಿಂದೆ ಬಂದು ಮತ್ತೆ ಬ್ಯಾರೆಲ್ ಒಳಗೆ ಕಣ್ಣಿಟ್ಟರೆ ಆ ಚುಕ್ಕೆ ದುಂಡಿನ ನಡುವೆ ಕೂರಬೇಕು. ಕೂರುವ ತನಕ ಟ್ರೈಪಾಡ್ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ. ಮೊದಲು ಹತ್ತಿರದ ಸೆನ್ಸರ್, ಆಮೇಲೆ ಹಾಳೆಯನ್ನು ದೂರದ ಸೆನ್ಸರ್‌ಗೆ ಸಾಗಿಸಿ ಇನ್ನೊಮ್ಮೆ. ಎರಡೂ ಕಡೆ ಚುಕ್ಕೆ ನಡುವೆ ಬಂತೆಂದರೆ ಎತ್ತರವೂ ಆಯಿತು, ಓರೆಯೂ ಹೋಯಿತು. ಕೊನೆಗೆ ಹಾಳೆ ತೆಗೆಯುವುದು ಮರೆಯಬೇಡಿ. ಪ್ರತಿ ಸಲ ಮುಂದೆ ಹೋಗಬೇಕಾದಾಗಲೂ ಇದೇ ನಿಯಮ: ರೇಂಜ್ ನಿಂತಿರಬೇಕು, ಯಾರೂ ಬಂದೂಕಿನ ಹತ್ತಿರ ಇರಬಾರದು. ಅವಸರದಲ್ಲಿ ಸುಮ್ನೆ ಒಂದು ಸೆಕೆಂಡ್ ಹೋಗಿ ಬರುತ್ತೇನೆ ಅನ್ನುವ ಮಾತೇ ಬೇಡ. ಉದ್ದದ ವೈರ್ ಇರುವ ಪರದೆ ಕೊಂಡರೆ ಅಂಕಿ ನೋಡಲು ಮುಂದೆ ಹೋಗುವ ಪ್ರಶ್ನೆಯೇ ಬರುವುದಿಲ್ಲ.

ಟ್ರೈಪಾಡ್‌ಗೆ ಭಾರ ತೂಗುಹಾಕಿ. ಗಾಳಿಗೆ ಅದು ತಿರುಗಿದರೆ ಮೇಲೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಇನ್ನು ಬೆಳಕು. ಸೆನ್ಸರ್ ನೋಡುವುದು ಗುಂಡನ್ನಲ್ಲ, ಗುಂಡು ಹಾದಾಗ ಆಕಾಶದ ಬೆಳಕು ಚೂರು ಮಬ್ಬಾಗುವುದನ್ನು. ತೆಳು ಮೋಡ ಕವಿದ ದಿನ ಇದಕ್ಕೆ ಬಲು ಚೆನ್ನ, ಆಕಾಶವೆಲ್ಲ ಒಂದೇ ಸಮ ಬೆಳ್ಳಗಿರುತ್ತದೆ. ನೀಲಿ ಆಕಾಶ, ಸುಡು ಬಿಸಿಲು ಇದ್ದಾಗ ಮೇಲಿನ, ಬೆಳಕನ್ನು ಹರಡುವ ಬಿಳಿ ಡಿಫ್ಯೂಸರ್ ಹಾಕಲೇಬೇಕು. ಬಿಸಿಲು ಓರೆಯಾಗಿ ಬಂದು ತಾಮ್ರದ ಹೊದಿಕೆಯ ಗುಂಡಿನ ಅಡಿಗೆ ಬಡಿದರೆ ಗುಂಡು ನೆರಳಾಗುವ ಬದಲು ಮಿಂಚುತ್ತದೆ, ಆಗ ಸೆನ್ಸರ್ ಗಲಿಬಿಲಿಗೊಳ್ಳುತ್ತದೆ. ಬೆಳಗ್ಗೆ ಮತ್ತು ಸಂಜೆಯ ಇಳಿಬಿಸಿಲಿನಲ್ಲಿ ಅಂಕಿಗಳು ಬಾರದೇ ಇರುವುದಕ್ಕೆ ಇದೂ ಒಂದು ಕಾರಣ. ಒಳಾಂಗಣದ ರೇಂಜಿನಲ್ಲಿ ಇನ್ನೊಂದು ತೊಂದರೆ: 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಟ್ಯೂಬ್‌ಲೈಟ್ ಮತ್ತು ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಸೆನ್ಸರ್‌ಗೆ ಕಾಣುತ್ತದೆ. ಅಲ್ಲಿ ಇನ್‌ಫ್ರಾರೆಡ್ ದೀಪಪಟ್ಟಿ ಇರುವ ಮಾದರಿಯೇ ಬೇಕು.

ಇದರಲ್ಲೆಲ್ಲ ನನಗೆ ಅತಿ ಮುಖ್ಯ ಅನ್ನಿಸುವುದು, ಎರಡು ಸೆನ್ಸರ್‌ಗಳ ಮೇಲೂ ಒಂದೇ ಥರದ ಬೆಳಕು ಇರಬೇಕು ಎಂಬುದು. ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಗುಂಡಿನ ವೇಗವನ್ನು ಮೊದಲು ಚೆನ್ನಾಗಿ ಅಳೆದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಬಿಟ್ಟ ಭಾರದ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಹಿಂದಕ್ಕೆ ತೂಗಿತು ಅಂತ ನೋಡಿ ಲೆಕ್ಕ ಹಾಕಿದ. ಅದನ್ನು 1742ರಲ್ಲಿ ಪ್ರಕಟಿಸಿದ. ಅಲ್ಲಿ ಗಡಿಯಾರವೇ ಇಲ್ಲ. ನಂತರ 1860ರ ದಶಕದಲ್ಲಿ ಬೆಲ್ಜಿಯಂನ ಸೇನಾಧಿಕಾರಿ ಲ ಬೂಲಾಂಜೆ ಮಾಡಿದ ಯಂತ್ರ ಇವತ್ತಿನ ಕ್ರೋನೋಗ್ರಾಫ್‌ನ ನೇರ ಪೂರ್ವಜ. ಗುಂಡು ಮೊದಲ ತಂತಿ ಕಡಿದಾಗ ವಿದ್ಯುತ್ಕಾಂತ ಹಿಡಿದಿದ್ದ ಒಂದು ಉದ್ದನೆಯ ಸಲಾಕೆ ಬೀಳಲು ಶುರುವಾಗುತ್ತದೆ. ಎರಡನೇ ತಂತಿ ಕಡಿದಾಗ ಇನ್ನೊಂದು ಗಿಡ್ಡ ತೂಕ ಬಿದ್ದು, ಒಂದು ಚಾಕುವನ್ನು ಬಿಡಿಸಿ, ಬೀಳುತ್ತಿರುವ ಸಲಾಕೆ ಮೇಲೆ ಗೀರು ಹಾಕಿಸುತ್ತದೆ. ಸಲಾಕೆ ಎಷ್ಟು ಬಿದ್ದಿತ್ತು ಅನ್ನುವುದರಿಂದ ಸಮಯ ಗೊತ್ತಾಗುತ್ತದೆ.

ಆದರೆ ಎರಡನೇ ತೂಕ ಬೀಳುವುದಕ್ಕೆ, ಚಾಕು ಚಿಮ್ಮುವುದಕ್ಕೆ ತನ್ನದೇ ಸಮಯ ಬೇಕಲ್ಲ? ಅದಕ್ಕೆ ಅವರು ಎರಡೂ ತಂತಿಗಳ ವಿದ್ಯುತ್ತನ್ನು ಒಂದೇ ಕ್ಷಣದಲ್ಲಿ ಕಡಿಯುವ ಒಂದು ಸ್ವಿಚ್ ಇಟ್ಟಿದ್ದರು. ಗುಂಡು ಹಾರಿಸುವ ಮೊದಲು ಅದನ್ನು ಒತ್ತಿ, ಯಂತ್ರದ ಸ್ವಂತ ವಿಳಂಬ ಎಷ್ಟು ಅಂತ ಸಲಾಕೆ ಮೇಲೆ ಗೀರು ಹಾಕಿಸಿ, ಅದು 0.15 ಸೆಕೆಂಡಿಗೆ ಸರಿಯಾಗುವಂತೆ ಹೊಂದಿಸುತ್ತಿದ್ದರು. ಅಂದರೆ ಸುಮಾರು 110 ಮಿಲಿಮೀಟರ್ ಬಿದ್ದ ಜಾಗಕ್ಕೆ. ಆಮೇಲೆ ಅದನ್ನು ಅಳತೆಯಿಂದ ಕಳೆಯುತ್ತಿದ್ದರು. ಯಂತ್ರವನ್ನು ನಂಬುವ ಮೊದಲು ಯಂತ್ರವನ್ನೇ ಅಳೆಯುವ ಈ ಶಿಸ್ತು ನನಗೆ ತುಂಬಾ ಇಷ್ಟ.

ನಮ್ಮ ಸೆನ್ಸರ್‌ಗಳಿಗೂ ವಿಳಂಬ ಇದೆ. ಎರಡಕ್ಕೂ ಒಂದೇ ವಿಳಂಬ ಇದ್ದರೆ ಕಳೆದುಹೋಗುತ್ತದೆ, ಉತ್ತರಕ್ಕೆ ಏನೂ ಆಗುವುದಿಲ್ಲ. ಆದರೆ ಒಂದು ಸೆನ್ಸರ್ ಮರದ ನೆರಳಲ್ಲಿ, ಇನ್ನೊಂದು ಬಿಸಿಲಲ್ಲಿ ಇದ್ದರೆ? ಮಬ್ಬಿನಲ್ಲಿರುವುದು ಗುಂಡನ್ನು ಗುರುತಿಸಲು ಸ್ವಲ್ಪ ತಡಮಾಡಬಹುದು. 5 ಮೈಕ್ರೋಸೆಕೆಂಡ್ ತಡವಾದರೆ ಅಷ್ಟರಲ್ಲಿ ಗುಂಡು 4 ಮಿಲಿಮೀಟರ್ ಮುಂದೆ ಹೋಗಿರುತ್ತದೆ, 60 ಸೆಂಟಿಮೀಟರ್ ಅಂತರದಲ್ಲಿ ಅದು 5 ಮೀಟರಿಗೂ ಮೀರಿದ ತಪ್ಪು. ಅದೂ ಪ್ರತಿ ಸಲ ಒಂದೇ ಕಡೆಗೆ. ಅಂಕಿಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ನೋಡಿದರೆ ಖುಷಿಯಾಗುತ್ತದೆ, ಆದರೆ ಎಲ್ಲವೂ ತಪ್ಪು. ಅಂಕಿಗಳು ಹತ್ತಿರ ಹತ್ತಿರ ಬಂದವು ಎಂದ ಮಾತ್ರಕ್ಕೆ ಸರಿ ಅಂತಲ್ಲ. ಆದ್ದರಿಂದ ನೆರಳು ಸರಿಯುವುದನ್ನು ನೋಡುತ್ತಿರಿ, ಸೆನ್ಸರ್‌ನ ಸೀಳಿನಲ್ಲಿ ಧೂಳು, ಹುಲ್ಲುಕಡ್ಡಿ, ಜೇಡರ ಬಲೆ ಇಲ್ಲದ ಹಾಗೆ ಬ್ರಷ್‌ನಿಂದ ಒರೆಸಿ. ಬ್ಯಾಟರಿ ಹೊಸದಿರಲಿ, ಇಳಿದ ಬ್ಯಾಟರಿ ಚಿತ್ರವಿಚಿತ್ರ ಅಂಕಿ ಕೊಡುತ್ತದೆ.

ಇದೇ ಅನುಮಾನಕ್ಕೆ ಉತ್ತರವಾಗಿ ಓಹ್ಲರ್ 35ಪಿಯಂತಹ ಕ್ರೋನೋಗ್ರಾಫ್‌ಗಳಲ್ಲಿ ಮೂರನೇ ಸ್ಕ್ರೀನ್, ಅಂದರೆ ಮೂರನೇ ಸೆನ್ಸರ್, ಇರುತ್ತದೆ. ಒಂದೇ ಗುಂಡನ್ನು ಎರಡು ಸಲ ಅಳೆದು, ಎರಡು ಉತ್ತರ ಹೊಂದದಿದ್ದರೆ ಎಚ್ಚರಿಸುತ್ತದೆ. ನಮ್ಮ ಹತ್ತಿರ ಅದಿಲ್ಲದಿದ್ದರೆ ಗೆಳೆಯರ ಕ್ರೋನೋಗ್ರಾಫ್ ತಂದು ಒಂದರ ಹಿಂದೆ ಒಂದು ನಿಲ್ಲಿಸಿ ಅದೇ ಗುಂಡನ್ನು ಎರಡರಲ್ಲೂ ಹಾಯಿಸಿ ನೋಡಬಹುದು. ಆಮೇಲೆ ಎರಡರ ಜಾಗ ಅದಲುಬದಲು ಮಾಡಿ. ಗುರಿಯ ಕಡೆ ಮುಂದಿರುವುದು ಚೂರು ಕಮ್ಮಿ ತೋರಿಸಬೇಕು, ಯಾವುದು ಮುಂದಿದ್ದರೂ. ಒಂದೇ ಯಂತ್ರ ಎರಡೂ ಜಾಗದಲ್ಲಿ ಕಮ್ಮಿ ತೋರಿಸಿದರೆ ವ್ಯತ್ಯಾಸ ಯಂತ್ರಗಳದ್ದು. ಇನ್ನೊಂದು ದಾರಿ, ಒಳ್ಳೆಯ .22 ರಿಮ್‌ಫೈರ್ ತೋಟಾದ (ಬುಡದ ಅಂಚಿಗೆ ಹೊಡೆತ ಬೀಳುವ ಚಿಕ್ಕ ತೋಟಾ) ಒಂದೇ ಲಾಟ್, ಅಂದರೆ ಒಟ್ಟಿಗೆ ತಯಾರಾದ ಕಂತು, ಎತ್ತಿಟ್ಟುಕೊಂಡು, ಪ್ರತಿ ಸಲ ಮೊದಲು ಒಂದೇ ರೈಫಲ್‌ನಿಂದ ಕೆಲವು ಹೊಡೆದು ನೋಡುವುದು. ಮಾಮೂಲಿಗಿಂತ ಸರಾಸರಿ ತುಂಬಾ ಬೇರೆ ಬಂದರೆ ಮೊದಲು ಕ್ರೋನೋಗ್ರಾಫ್ ನಿಂತ ರೀತಿ ನೋಡಿ.

ಈಗ ಎಷ್ಟು ಗುಂಡು ಹೊಡೆಯಬೇಕು. 5 ಗುಂಡು ಹೊಡೆದು "ನನ್ನ ಸ್ಟ್ಯಾಂಡರ್ಡ್ ಡೀವಿಯೇಷನ್ 3" (ವೇಗಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಅನ್ನುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. 5 ಗುಂಡಿನಿಂದ 3 ಬಂದರೆ, ನಿಜವಾದ ಬೆಲೆ 1.8ರಿಂದ ಹಿಡಿದು 8.6ರವರೆಗೆ ಎಲ್ಲಿ ಬೇಕಾದರೂ ಇರಬಹುದು, 95 ಶೇಕಡಾ ಖಾತ್ರಿಯ ಲೆಕ್ಕದಲ್ಲಿ. 10 ಗುಂಡಿಗೆ ಅದು 2.1ರಿಂದ 5.5. 20ಕ್ಕೆ ಹೋದರೆ 2.3ರಿಂದ 4.4. ಅಂದರೆ 5 ಗುಂಡಿನಲ್ಲಿ ಒಂದು ತೋಟಾ ಇನ್ನೊಂದಕ್ಕಿಂತ ಮೇಲು ಅಂತ ತೀರ್ಮಾನ ಮಾಡುವುದು ಬಹುತೇಕ ಅದೃಷ್ಟದ ಮಾತು. ಅತಿ ಜಾಸ್ತಿ ಮತ್ತು ಅತಿ ಕಮ್ಮಿ ವೇಗದ ವ್ಯತ್ಯಾಸ ನೋಡುವವರು ಇನ್ನೊಂದು ತಿಳಿದಿರಬೇಕು: ಅದು ಗುಂಡುಗಳ ಸಂಖ್ಯೆ ಜಾಸ್ತಿಯಾದಂತೆ ಬೆಳೆಯುತ್ತಲೇ ಹೋಗುತ್ತದೆ. 5 ಗುಂಡಿಗೆ ಅದು ಡೀವಿಯೇಷನ್‌ನ 2.3ರಷ್ಟು ಇದ್ದರೆ 20ಕ್ಕೆ 3.7ರಷ್ಟು. ಒಬ್ಬರ 5 ಗುಂಡಿನ ವ್ಯತ್ಯಾಸವನ್ನು ಇನ್ನೊಬ್ಬರ 20ರದ್ದಕ್ಕೆ ಹೋಲಿಸುವುದು ಅನ್ಯಾಯ, ಅಲ್ವಾ? ಸರಾಸರಿ ಮಾತ್ರ ಬೇಕಿದ್ದರೆ 10 ಸಾಕು.

ಜೊತೆಗೆ ತೋಟಾದ ಬಿಸಿಯನ್ನೂ ಗಮನಿಸಿ. ಬಿಸಿಲಲ್ಲಿ ಬಿದ್ದಿದ್ದ ಡಬ್ಬಿಯ ತೋಟಾ, ಬಿಸಿಯಾದ ಚೇಂಬರಿನಲ್ಲಿ ಹೊತ್ತು ಕೂತ ತೋಟಾ ಸಾಮಾನ್ಯವಾಗಿ ಜಾಸ್ತಿ ವೇಗ ಕೊಡುತ್ತವೆ. ಸ್ವಚ್ಛ ಮಾಡಿದ ಬ್ಯಾರೆಲ್‌ನ ಮೊದಲ ಗುಂಡು ಬೇರೆಯೇ ವೇಗ ತೋರಿಸಬಹುದು, ಅದನ್ನು ಬೇರೆಯಾಗಿ ಬರೆದಿಡಿ, ಅಳಿಸಬೇಡಿ.

ಈಗಿನ ರಾಡಾರ್ ಯಂತ್ರಗಳು ಬಂದ ಮೇಲೆ ಇದೆಲ್ಲ ಬೇಕಾ ಅನ್ನಬಹುದು. ಲ್ಯಾಬ್‌ರಾಡಾರ್, 2023ರಲ್ಲಿ ಬಂದ ಗಾರ್ಮಿನ್ ಝೀರೋ ಸಿ1 ಪ್ರೋ, ಇವು ಡಾಪ್ಲರ್ ರಾಡಾರ್‌ನವು. 24 ಗಿಗಾಹರ್ಟ್ಸ್ ಅಲೆ ಕಳಿಸಿದರೆ 800 ಮೀಟರ್ ವೇಗದ ಗುಂಡಿನಿಂದ ತಿರುಗಿ ಬಂದ ಅಲೆಯಲ್ಲಿ ಸುಮಾರು 128 ಕಿಲೋಹರ್ಟ್ಸ್ ವ್ಯತ್ಯಾಸ ಇರುತ್ತದೆ, ಅದರಿಂದ ವೇಗ ಸಿಗುತ್ತದೆ. ಸೆನ್ಸರ್ ಅಂತರ ಇಲ್ಲ, ಬೆಳಕಿನ ಗೋಳಿಲ್ಲ, ಮುಂದೆ ಹೋಗುವುದೇ ಬೇಡ. ಕೊಳ್ಳಲು ಸಾಧ್ಯವಾದರೆ ಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಆದರೂ ಬ್ಯಾರೆಲ್ ಪಕ್ಕ, ಬಾಯಿಗಿಂತ ಸ್ವಲ್ಪ ಹಿಂದೆ, ಗುರಿ ಕಡೆಗೆ ನೇರವಾಗಿ ಇಡಬೇಕು. ಓರೆಯಾಗಿ ಇಟ್ಟರೆ ಗುಂಡನ್ನು ಹಿಡಿಯುವುದೇ ಇಲ್ಲ. ಸದ್ದಿಗೆ ಎಚ್ಚರವಾಗುವ ಮಾದರಿಯಾದರೆ ಪಕ್ಕದವರ ಗುಂಡಿಗೂ ಎಚ್ಚರವಾಗುತ್ತದೆ. ಬ್ಯಾರೆಲ್‌ಗೇ ಕಟ್ಟುವ ಮ್ಯಾಗ್ನೆಟೋಸ್ಪೀಡ್ ಥರದ್ದು ವೇಗವನ್ನು ಚೆನ್ನಾಗಿ ಅಳೆಯುತ್ತದೆ, ಬೆಳಕಿನ ಹಂಗಿಲ್ಲ. ಆದರೆ ಬ್ಯಾರೆಲ್ ತುದಿಗೆ ಭಾರ ಬಿದ್ದು ಅದು ಕಂಪಿಸುವ ರೀತಿ ಬದಲಾಗುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಆದ್ದರಿಂದ ಅದನ್ನು ಕಟ್ಟಿಕೊಂಡು ಗುರಿಹಾಳೆಯ ಗುಂಪು ನೋಡಬೇಡಿ.

ಇಷ್ಟೆಲ್ಲ ಕಷ್ಟ ಯಾರಿಗೆ ಬೇಕು ಅನ್ನುವುದು ನೀವು ಎಷ್ಟು ದೂರ ಹೊಡೆಯುತ್ತೀರಿ ಅನ್ನುವುದರ ಮೇಲಿದೆ. 100 ಮೀಟರ್‌ನಲ್ಲಿ ವೇಗ 10 ಮೀಟರ್ ಬದಲಾದರೆ ಗುಂಡು 2 ಮಿಲಿಮೀಟರ್ ಮೇಲೆ ಕೆಳಗೆ ಹೋಗುತ್ತದೆ, ಕಾಣುವುದೂ ಇಲ್ಲ. ಅದೇ .308 ರೈಫಲ್‌ನ ಗುಂಡನ್ನು 900 ಮೀಟರ್‌ಗೆ ಹೊಡೆದರೆ ಕಾಲು ಮೀಟರಿನಷ್ಟು. ಅಲ್ಲಿ ಅಷ್ಟು ದೂರಕ್ಕೆ ಗುಂಡು ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕುವ ಆ್ಯಪ್ ಹೇಳಿದ್ದಕ್ಕೂ ಗುರಿಹಾಳೆ ಹೇಳಿದ್ದಕ್ಕೂ ತಾಳೆಯಾಗದಿದ್ದರೆ, ತಕ್ಷಣ ಆ್ಯಪ್‌ನಲ್ಲಿ ವೇಗ ತಿದ್ದಿಬಿಡುವವರೇ ಜಾಸ್ತಿ. ಕ್ರೋನೋಗ್ರಾಫ್ ಸರಿಯಾಗಿ ನಿಲ್ಲಿಸಿ ಅಳೆದ ವೇಗವನ್ನು ಹಾಗೆ ಬಿಟ್ಟುಕೊಡಬೇಡಿ. ಮೊದಲು ಸ್ಕೋಪ್‌ನಲ್ಲಿ ಗುರಿ ಸರಿಪಡಿಸುವ ತಿರುಪಿನ ಕ್ಲಿಕ್‌ಗಳು ನಿಜಕ್ಕೂ ಬರೆದಷ್ಟೇ ಚಲಿಸುತ್ತವೆಯೇ ಅಂತ, 100 ಮೀಟರ್‌ನಲ್ಲಿ ಉದ್ದನೆಯ ಅಳತೆಪಟ್ಟಿ ನಿಲ್ಲಿಸಿ ನೋಡಿ.